ಗೃಹಾಲಂಕಾರ: ಚಿತ್ತಾರದ ಬಟ್ಟೆಯೂ ಮನಸ್ಸಿನ ನೆಮ್ಮದಿಯೂ

ಕಿಟಕಿಗೆ ತೆರೆಯನ್ನೋ ದಿಂಬಿಗೆ ಗವುಸನ್ನೋ ಕೊಳ್ಳಲು ಅಂಗಡಿಗೆ ಹೋದ ಗೃಹಸ್ಥರಲ್ಲಿ ಅನೇಕರು, ಹೂಬಳ್ಳಿಗಳ ಚಿತ್ತಾರವುಳ್ಳ ಬಟ್ಟೆಯನ್ನು ಕೈಯಲ್ಲಿ ಹಿಡಿದು ಸಂತೋಷಪಟ್ಟು, ಕೊನೆಗೆ ಬೂದುಬಣ್ಣದ ಬರಿಯ ಬಟ್ಟೆಯನ್ನೇ ಕಟ್ಟಿಸಿಕೊಂಡು ಬರುವುದುಂಟು. ಇದು ಕೊಳೆಯನ್ನು ತೋರಗೊಡದು, ಎಲ್ಲದರೊಡನೆಯೂ ಹೊಂದುವುದು, ನೋಡಿದವರು ನಗಲಾರರು ಎಂಬುದು ಅವರ ಸಮಾಧಾನ. ಹೀಗೆ ಅಂಜುತ್ತ ಸಜ್ಜುಗೊಳಿಸಿದ ಮನೆಯಲ್ಲಿ ತಪ್ಪೇನೂ ಕಾಣದಿರಬಹುದು. ಆದರೆ ಅಲ್ಲಿ ವಾಸಿಸುವವರ ಮನಸ್ಸೂ ಕಾಣುವುದಿಲ್ಲ. ಈ ಅಂಜಿಕೆಯನ್ನು ಬಿಟ್ಟು ಮನೆಯಲ್ಲಿ ನಲಿವನ್ನು ತುಂಬಿದ ಇಬ್ಬರ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರಿಗೆ ಹೇಳಬೇಕೆಂದಿದ್ದೇವೆ. ಅವರು ಕೂಡಿ ಕೆಲಸ ಮಾಡಿದ್ದು ಸ್ವೀಡನ್ ದೇಶದಲ್ಲಿ.

ಅದು ಉತ್ತರದ ಶೀತಪ್ರದೇಶ. ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ತಿಂಗಳ ಹಗಲು ಸುಮಾರು ಆರೇ ಗಂಟೆಗಳಷ್ಟು. ಅಂತಹ ದೇಶದಲ್ಲಿ ಮನೆಯೊಳಗಿನ ಬೆಳಕಿಗೂ ಬಣ್ಣಕ್ಕೂ ಎಷ್ಟು ಬೆಲೆಯೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಸೌಂದರ್ಯವು ಸಿರಿವಂತರ ಸೊತ್ತಲ್ಲ, ಎಲ್ಲರಿಗೂ ಸಲ್ಲತಕ್ಕುದು ಎಂದು ಎಲೆನ್ ಕೇ ಎಂಬ ವಿದುಷಿಯು 1899ರಲ್ಲಿಯೇ ಒಂದು ಗ್ರಂಥದಲ್ಲಿ ಪ್ರತಿಪಾದಿಸಿದಳು. ಅದೇ ವರ್ಷ ಕಾರ್ಲ್ ಲಾರ್ಸನ್ ಎಂಬ ಚಿತ್ರಕಾರನು ಸುಂಡ್‌ಬೋರ್ನ್ ಗ್ರಾಮದ ತನ್ನ ಮನೆಯ ಚಿತ್ರಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ಆ ಮನೆಯ ಹಾಸು, ತೆರೆ, ದಿಂಬುಗಳನ್ನು ನೇಯ್ದು ಕಸೂತಿ ಹಾಕಿದವಳು ಆತನ ಪತ್ನಿ ಕಾರಿನ್. ಹೀಗೆ ನೆಲವು ಮೊದಲೇ ಹದವಾಗಿದ್ದಿತು.

1924ರಲ್ಲಿ ಎಸ್ಟ್ರಿಡ್ ಎರಿಕ್‌ಸನ್ ಎಂಬ ಚಿತ್ರಕಲಾ ಶಿಕ್ಷಕಿಯು, ತಂದೆಯಿಂದ ಬಂದ ಅಲ್ಪ ಹಣವನ್ನು ಹೂಡಿ ಸ್ಟಾಕ್‌ಹೋಮಿನಲ್ಲಿ ಒಂದು ಅಂಗಡಿಯನ್ನು ತೆರೆದಳು. ಅಲ್ಲಿ ಮೊದಲು ಮಾಡಿ ಮಾರಿದುದು ತವರದ ಮಿಶ್ರಲೋಹದ ಪಾತ್ರೆ ಪದಾರ್ಥಗಳನ್ನು. ಆದುದರಿಂದಲೇ ‘ಸ್ವೀಡನ್ನಿನ ತವರ’ ಎಂಬರ್ಥದ ‘ಸ್ವೆನ್ಸ್ಕ್ಟ್ ಟೆನ್’ ಎಂಬ ಹೆಸರು. ಕ್ರಮೇಣ ಆಕೆಯ ದೃಷ್ಟಿಯು ಇಡೀ ಮನೆಯ ಸಜ್ಜಿಕೆಯ ಕಡೆಗೆ ಹರಿಯಿತು. ಆಫ್ರಿಕದ ಕಾಂಗೋ ದೇಶದ ಒಂದು ಬಟ್ಟೆಯಿಂದ ಸ್ಫೂರ್ತಿಗೊಂಡು ಆಕೆ ರಚಿಸಿದ ಆನೆಗಳ ಚಿತ್ತಾರವನ್ನು ನೋಡಿದವರು ಮುಗುಳ್ನಗೆಯನ್ನು ತಡೆಯಲಾರರು.

ಆಕೆಯೊಡನೆ ಸೇರಿದವನು ಯೋಸೆಫ್ ಫ್ರಾಂಕ್ ಎಂಬ ವಾಸ್ತುಶಿಲ್ಪಿ. ಈತನು ಜನಿಸಿದ್ದು 1885ರಲ್ಲಿ, ಆಸ್ಟ್ರಿಯ ದೇಶದ ಯೆಹೂದ್ಯ ಮನೆತನವೊಂದರಲ್ಲಿ. ಆ ಕಾಲದ ಹೊಸ ಪಂಥದ ವಾಸ್ತುಶಿಲ್ಪಿಗಳಲ್ಲಿ ಹಲವರು ಮನೆಯನ್ನು ಯಂತ್ರದಂತೆ ನೇರವಾಗಿಯೂ ಬರಿದಾಗಿಯೂ ಕಟ್ಟತಕ್ಕುದೆಂದು ವಾದಿಸುತ್ತಿದ್ದರು. ಅವರೊಡನೆ 1927ರಲ್ಲಿ ಸ್ಟುಟ್‌ಗಾರ್ಟಿನ ಪ್ರದರ್ಶನದಲ್ಲಿ ಮನೆ ಕಟ್ಟಿದ ಫ್ರಾಂಕನು, ಒಳಗೆ ಬಣ್ಣದ ಬಟ್ಟೆಗಳನ್ನೂ ಮೆತ್ತೆಗಳನ್ನೂ ಇರಿಸಿ ನಿಂದೆಗೆ ಗುರಿಯಾದನು. ಬಳಿಕ ಯೆಹೂದ್ಯದ್ವೇಷವು ಬೆಳೆಯಲು, 1933ರಲ್ಲಿ ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ ಸ್ವದೇಶವನ್ನು ತೊರೆದು, ಪತ್ನಿ ಅನ್ನಳ ತವರಾದ ಸ್ವೀಡನ್ನಿಗೆ ಬಂದನು. ಎರಿಕ್‌ಸನ್ ಆತನಿಗೆ ಕೆಲಸವನ್ನೂ ಸ್ವಾತಂತ್ರ್ಯವನ್ನೂ ಕೊಟ್ಟಳು.

ಯುದ್ಧದ ಭೀತಿಯು ಅಲ್ಲಿಯೂ ಬಿಡಲಿಲ್ಲ. 1941ರಲ್ಲಿ ಫ್ರಾಂಕನು ಮತ್ತೊಮ್ಮೆ ಗಂಟುಮೂಟೆ ಕಟ್ಟಿ ನ್ಯೂಯಾರ್ಕಿಗೆ ಹೋಗಬೇಕಾಯಿತು. ಕಟ್ಟಬೇಕಾದ ಮನೆಗಳಿಲ್ಲದೆ, ಪರನಗರದಲ್ಲಿ ಉಪನ್ಯಾಸ ಮಾಡುತ್ತಿದ್ದ ಆತನು ಆ ದಿನಗಳಲ್ಲಿ ಬರೆದುದಾದರೂ ಏನು? ದುಃಖದ ಚಿತ್ರಗಳನ್ನಲ್ಲ. 1944ರಲ್ಲಿ ಎರಿಕ್‌ಸನ್ನಳಿಗೆ ಐವತ್ತು ವರ್ಷ ತುಂಬಿದಾಗ, ಬಟ್ಟೆಯ ಮೇಲೆ ಅಚ್ಚೊತ್ತಲು ಐವತ್ತು ಹೊಸ ಚಿತ್ತಾರಗಳನ್ನು ಆಕೆಗೆ ಉಡುಗೊರೆಯಾಗಿ ಕಳುಹಿಸಿದನು! ಆ ಕಾಲದ ಆತನ ಚಿತ್ತಾರಗಳಲ್ಲಿ ಒಂದೇ ಮರದಲ್ಲಿ ಬಗೆಬಗೆಯ ಹೂವುಕಾಯಿಗಳು ಬಿಟ್ಟಿರುವುವು. ಇನ್ನೊಂದರಲ್ಲಿ ನ್ಯೂಯಾರ್ಕಿನ ಬೀದಿಗಳ ನಕ್ಷೆಯೇ ಅಲಂಕಾರವಾಗಿರುವುದು. ಎರಡು ಸಲ ನೆಲೆ ತಪ್ಪಿದವನು ಪರರ ಮನೆಗಳಿಗಾಗಿ ತೋಟಗಳನ್ನು ಬೆಳೆಯಿಸಿದನು. 1946ರಲ್ಲಿ ಸ್ಟಾಕ್‌ಹೋಮಿಗೆ ಹಿಂದಿರುಗಿ, 1967ರಲ್ಲಿ ಅಲ್ಲಿಯೇ ತೀರಿಕೊಂಡನು. ಆತನು ರಚಿಸಿದ ಬಟ್ಟೆಯ ಚಿತ್ತಾರಗಳು ಸುಮಾರು 160. ಆ ಅಂಗಡಿಯು ಇಂದಿಗೂ ನಡೆಯುತ್ತಿದ್ದು, ಅವುಗಳಲ್ಲಿ ಹಲವನ್ನು ಲಿನನ್ ಎಂಬ ಅಗಸೆನಾರಿನ ಬಟ್ಟೆಯ ಮೇಲೆ ಅಚ್ಚೊತ್ತಿ ಮಾರುತ್ತಿರುವುದು.

ಚಿತ್ತಾರವು ಕಣ್ಣಿಗೆ ಗದ್ದಲವಲ್ಲವೇ ಎಂದು ಕೆಲವರು ಕೇಳಬಹುದು. ಫ್ರಾಂಕನ ಅಭಿಪ್ರಾಯವು ಇದಕ್ಕೆ ತೀರ ವಿರುದ್ಧವಾದುದು. ಬರಿಯ ಬಣ್ಣದ ಬಟ್ಟೆಯನ್ನು ಕಣ್ಣು ಒಂದೇ ನೋಟದಲ್ಲಿ ಮುಗಿಸಿಬಿಡುವುದು; ಆಮೇಲೆ ಅದಕ್ಕೆ ಅಲ್ಲಿ ಕೆಲಸವಿಲ್ಲ. ಚಿತ್ತಾರವಾದರೋ ಬಳ್ಳಿಯಿಂದ ಎಲೆಗೆ, ಎಲೆಯಿಂದ ಹಕ್ಕಿಗೆ ಕಣ್ಣನ್ನು ಮೆಲ್ಲಗೆ ನಡೆಸಿಕೊಂಡು ಹೋಗುವುದು. ಹೀಗೆ ತಿರುಗಾಡುವ ಕಣ್ಣಿನೊಡನೆ ಮನಸ್ಸೂ ಶಾಂತವಾಗುವುದು. ಈ ಗುಟ್ಟು ನಮ್ಮ ದೇಶಕ್ಕೆ ಹೊಸದಲ್ಲ. ಚೋಳಮಂಡಲ ಕರಾವಳಿಯಿಂದ ಹಿಂದೆ ಹಡಗುಗಳಲ್ಲಿ ಯೂರೋಪಿಗೆ ಹೋಗುತ್ತಿದ್ದ ಚೀಟಿಬಟ್ಟೆಗಳಲ್ಲಿ, ಒಂದೇ ಮರವು ನಾನಾ ಜಾತಿಯ ಹೂಗಳನ್ನು ಹೊತ್ತು ನಿಂತಿರುತ್ತಿದ್ದಿತು. ಫ್ರಾಂಕನ ಮರಗಳನ್ನು ಕಂಡವರಿಗೆ ಅವುಗಳ ನೆನಪು ಬಾರದಿರದು.

ಈ ಇಬ್ಬರ ಪದ್ಧತಿಯಿಂದ ನಾವು ಗ್ರಹಿಸಬಹುದಾದ ಸೂತ್ರಗಳು ಮೂರು. ಮೊದಲನೆಯದಾಗಿ, ಗೋಡೆಯು ಬೆಳ್ಳಗಿರಲಿ. ಆಗ ಎಂತಹ ಚಿತ್ತಾರಕ್ಕೂ ಉಸಿರಾಡಲು ಎಡೆಯುಂಟು, ಬೇಸರವಾದರೆ ಬದಲಾಯಿಸುವುದೂ ಸುಲಭ. ಎರಡನೆಯದಾಗಿ, ಕುರ್ಚಿ ಬೀರುಗಳು ಕಾಲುಗಳ ಮೇಲೆ ನಿಂತಿರಲಿ. ನೆಲವೂ ಗೋಡೆಯೂ ಕೂಡುವ ಗೆರೆಯು ಕಾಣುತ್ತಿದ್ದರೆ ಕೋಣೆಯು ವಿಶಾಲವಾಗಿ ತೋರುವುದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಒಂದೇ ಬಗೆಯ ಸಾಮಾನುಗಳನ್ನು ಜೋಡಿಸುವ ಹಟ ಬೇಡ. ಮನೆಯು ತಾನಾಗಿ ಕಾಲಕ್ರಮದಲ್ಲಿ ಕೂಡಿಬಂದಂತೆ ಇರಬೇಕೆಂದು 1958ರಲ್ಲಿ ಫ್ರಾಂಕನು ಒಂದು ಲೇಖನದಲ್ಲಿ ವಾದಿಸಿದನು. ಮನೆಯವರು ಪ್ರೀತಿಸಿ ತಂದ ವಸ್ತುಗಳು, ಹಳೆಯವಾಗಲಿ ಹೊಸವಾಗಲಿ, ತಮ್ಮಷ್ಟಕ್ಕೆ ತಾವೇ ಒಂದಾಗುವುವು ಎಂಬುದು ಆತನ ನಂಬಿಕೆ.

ಆದಕಾರಣ, ಗೃಹಿಣಿಯರೇ, ದುಬಾರಿಯಾದ ಪರದೇಶದ ಬಟ್ಟೆಯನ್ನೇ ತರಿಸಬೇಕಾದುದಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹೂವಿನ ಸೀರೆಯೊಂದು ಕಿಟಕಿಯ ತೆರೆಯಾಗಬಹುದು. ಅದರ ಸೆರಗು ಎರಡು ದಿಂಬುಗಳಿಗೆ ಸಾಕಾಗಬಹುದು. ಮುಂದಿನ ಸಲ ಅಂಗಡಿಯಲ್ಲಿ ಹಕ್ಕಿಗಳ ಚಿತ್ತಾರವೊಂದು ಮನಸ್ಸನ್ನು ಸೆಳೆದರೆ, ನೆರೆಯವರು ಏನೆಂದಾರೆಂದು ಯೋಚಿಸದೆ ಒಂದು ಗಜವನ್ನಾದರೂ ಹರಿಸಿಕೊಂಡು ಬನ್ನಿರಿ. ನಲಿವು ದುಂದುವೆಚ್ಚವಲ್ಲ, ಕಷ್ಟಕಾಲದಲ್ಲಿಯೂ ಅದನ್ನು ಕೈಬಿಡದೆ ಕಾಪಾಡಿದವರು ಇದ್ದರೆಂಬುದನ್ನು ನಾವು ಮರೆಯಲಾಗದು.