ಸೊಪ್ಪಿನ ಹಂಗಾಮಿನಲ್ಲಿ ಪದವಿಯ ಲೆಕ್ಕ

ಬೈಲಕುಪ್ಪೆಯ ಟಿಬೆಟನ್ ಬೌದ್ಧರ ಸೆರಾ ಮಠದಲ್ಲಿ ವಾದ ನಡೆಯುವ ಹೊತ್ತಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ಚಪ್ಪಾಳೆಯ ಸದ್ದು. ಒಬ್ಬ ಭಿಕ್ಷು ನೆಲದ ಮೇಲೆ ಕೂತಿರುತ್ತಾರೆ. ಇನ್ನೊಬ್ಬರು ಎದುರು ನಿಂತು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಬಡಿಯುತ್ತಾರೆ. ಕೂತವರು ಆ ಕ್ಷಣವೇ ಉತ್ತರ ಕೊಡಬೇಕು. ಪ್ರಮಾಣಶಾಸ್ತ್ರ, ಪ್ರಜ್ಞಾಪಾರಮಿತೆ, ಮಾಧ್ಯಮಿಕ, ಅಭಿಧರ್ಮ, ವಿನಯ, ಈ ಐದನ್ನೂ ಹೀಗೆ ವಾದಿಸಿ ಅರಗಿಸಿಕೊಂಡು ಗೆಶೆ ಪದವಿ ಪಡೆಯಲು ಸುಮಾರು ಇಪ್ಪತ್ತು ವರ್ಷ ಹಿಡಿಯುತ್ತದೆ. ಅದರಲ್ಲೂ ಮೇಲಿನ ದರ್ಜೆಯ ಗೆಶೆ ಲ್ಹಾರಂಪ ಆಗಬೇಕಾದರೆ ಅದರ ಮೇಲೆ ಇನ್ನೂ ಆರು ವರ್ಷದ ಪರೀಕ್ಷೆ.

ಬೈಲಕುಪ್ಪೆ ಇರುವ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಬೆಳಿಗ್ಗೆ ಬಸ್ಸಿಗೆ ಕಾಯುವ ನಮ್ಮ ಮಕ್ಕಳ ಮುಂದೆ ಬಂದಿರುವ ಮಾತು ಬೇರೆ. 2024ರ ನವೆಂಬರಿನಲ್ಲಿ ಯುಜಿಸಿ ಎರಡು ದಾರಿ ತೆರೆಯುವುದಾಗಿ ಹೇಳಿತು. ಒಂದು, ಬೇಗ ಮುಗಿಸುವ ಪದವಿ: ಮೂರು ವರ್ಷದ ಕೋರ್ಸನ್ನು ಐದೇ ಸೆಮಿಸ್ಟರಿನಲ್ಲಿ, ನಾಲ್ಕು ವರ್ಷದ್ದನ್ನು ಆರು ಅಥವಾ ಏಳು ಸೆಮಿಸ್ಟರಿನಲ್ಲಿ ಮುಗಿಸಬಹುದು. ಇದು ಶೇ 10ರಷ್ಟು ಸೀಟಿಗೆ ಮಾತ್ರ. ಇನ್ನೊಂದು, ನಿಧಾನವಾಗಿ ಓದುವವರಿಗೆ ಎರಡು ಸೆಮಿಸ್ಟರ್‌ವರೆಗೆ ಹೆಚ್ಚಿನ ಕಾಲ. ಎರಡರಲ್ಲೂ ಪಾಠದ ಭಾರ ಕಡಿಮೆಯಾಗುವುದಿಲ್ಲ, ಪದವಿಯ ಬೆಲೆಯೂ ಕುಗ್ಗುವುದಿಲ್ಲ. ಊರೆಲ್ಲ ಮೊದಲನೆಯದನ್ನೇ ಆಡಿಕೊಂಡಿತು. ಎರಡನೆಯದರ ಕಡೆ ಯಾರೂ ತಿರುಗಿ ನೋಡಲಿಲ್ಲ ಎಂಬುದೇ ನನ್ನ ಸಂಕಟ.

ಬೇಗ ಮುಗಿಸುವುದರಲ್ಲಿ ಲಾಭವಿಲ್ಲ ಎನ್ನಲಾರೆ. ಪದವೀಧರರನ್ನು ಕೇಳುವ ನೇಮಕಾತಿಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಮೈಸೂರಿನಲ್ಲಿ ರೂಮು ಮಾಡಿಕೊಂಡು ಓದುವವನಿಗೆ ಒಂದು ಸೆಮಿಸ್ಟರಿನ ಬಾಡಿಗೆ, ಊಟದ ಖರ್ಚು ಉಳಿಯುತ್ತದೆ. ಮನೆಯಲ್ಲಿ ಮದುವೆಯ ಮಾತು ಶುರುವಾದ ಹುಡುಗಿಗಂತೂ ಮೊದಲೇ ಪದವಿ ಕೈಗೆ ಬಂದರೆ ಅದೊಂದು ಬಲ. ಆದರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಎಂದಿಟ್ಟುಕೊಳ್ಳಿ. ಸೆಮಿಸ್ಟರಿಗೆ 20 ಇದ್ದದ್ದು 24 ಆಗುತ್ತದೆ. ಇಷ್ಟು ಓದಿ ಐದನೇ ಸೆಮಿಸ್ಟರ್ ಮುಗಿಯುವುದು ಡಿಸೆಂಬರ್, ಜನವರಿ ಹೊತ್ತಿಗೆ. ಎಂ.ಎ., ಎಂ.ಕಾಂ., ಬಿ.ಎಡ್. ಪ್ರವೇಶ ಸಾಮಾನ್ಯವಾಗಿ ವರ್ಷಕ್ಕೊಂದೇ ಸಲ, ಆರನೇ ಸೆಮಿಸ್ಟರಿನವರ ಫಲಿತಾಂಶ ಬಂದ ಮೇಲೆ. ಮುಂದೆ ಓದುವವನು ಉಳಿಸಿದ ಅರ್ಧ ವರ್ಷವನ್ನು ಮನೆಯಲ್ಲೇ ಕೂತು ಕಳೆಯಬೇಕು.

ಇಂಗ್ಲೆಂಡಿನಲ್ಲಿ 2019ರಿಂದ ಎರಡೇ ವರ್ಷದ ಪದವಿಗೆ ಬೇರೆ ಶುಲ್ಕವಿದೆ. ಆಗ ಮೂರು ವರ್ಷಕ್ಕೆ ಗರಿಷ್ಠ 27,750 ಪೌಂಡ್ ತೆರಬೇಕಿದ್ದವರಿಗೆ ಎರಡು ವರ್ಷದ ಕೋರ್ಸಿನಲ್ಲಿ 22,200 ಪೌಂಡ್ ಸಾಕಿತ್ತು. ಅಷ್ಟು ಶುಲ್ಕವಿರುವ ಕಡೆ ಅವಸರಕ್ಕೆ ಅರ್ಥವಿದೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಮಕ್ಕಳನ್ನು ಕಾಡುವುದು ಶುಲ್ಕಕ್ಕಿಂತ ಹೆಚ್ಚಾಗಿ ಹೊತ್ತು.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಹೊಗೆಸೊಪ್ಪಿನ ಸೀಮೆ. ಮಳೆಗಾಲದ ನಡುವಿನಿಂದ ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಸೊಪ್ಪು ಹದ ಮಾಡುವ ಬ್ಯಾರನ್ ಮನೆಗೆ ಏರಿಸಬೇಕು. ಒಂದು ಸಲ ತುಂಬಿದ ಬ್ಯಾರನ್ ಹದವಾಗಲು ಐದಾರು ದಿನ, ಹಗಲೂ ರಾತ್ರಿ ಬೆಂಕಿ ಕಾಯಬೇಕು. ಕೂಲಿಯಾಳು ಸಿಗದ ಮನೆಯಲ್ಲಿ ಆ ರಾತ್ರಿಪಾಳಿ ಕಾಲೇಜಿಗೆ ಹೋಗುವ ಮಗನದು, ಕಡ್ಡಿ ಕಟ್ಟುವ ಕೆಲಸ ಮಗಳದು. ಕಾಲೇಜು ಶುರುವಾಗುವ ಕಾಲವೂ ಅದೇ. ಹಾಜರಾತಿ ಕೊರತೆ, ಬಾಕಿ ಉಳಿದ ವಿಷಯ, ಆಮೇಲೆ ಸದ್ದಿಲ್ಲದೆ ಕಾಲೇಜು ಬಿಡುವುದು. ಇವರಿಗೆ 24 ಕ್ರೆಡಿಟ್ ತೋರಿಸುವುದೆಂದರೆ ಹೊತ್ತವನ ತಲೆಯ ಮೇಲೆ ಇನ್ನೊಂದು ಮೂಟೆ ಇಟ್ಟಂತೆ.

ಸೆರಾದ ಭಿಕ್ಷುಗಳು ಇಪ್ಪತ್ತು ವರ್ಷ ಓದಬಲ್ಲರು, ಏಕೆಂದರೆ ಅವರ ಅನ್ನವನ್ನು ಮಠ ನೋಡಿಕೊಳ್ಳುತ್ತದೆ. ಆದರೆ 1970ರ ಸುಮಾರಿಗೆ, ಟಿಬೆಟ್ ಬಿಟ್ಟು ಬಂದ ಮಠ ಇಲ್ಲಿ ಮತ್ತೆ ನೆಲೆಯೂರಿದಾಗ ಸ್ಥಿತಿ ಹೀಗಿರಲಿಲ್ಲ. ಮೊದಲು ಬಂದವರು ಕಾಡು ಸವರಿ, ಮುಸುಕಿನ ಜೋಳ ಬೆಳೆದು, ಉಳಿದ ಹೊತ್ತಿನಲ್ಲಿ ಓದಿದರು. ಹೊಲದ ಕೆಲಸವಿದೆಯೆಂದು ಐದು ವಿಷಯವನ್ನು ಮೂರಕ್ಕೆ ಇಳಿಸಲಿಲ್ಲ, ಹೊಲಕ್ಕೆ ಹೋದವರನ್ನು ಓದಿನಿಂದ ಹೊರಗೂ ಹಾಕಲಿಲ್ಲ.

ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿ ತಂದು, 2024ರಲ್ಲಿ ಮತ್ತೆ ಮೂರಕ್ಕೆ ಮರಳಿತು. ವರ್ಷ ಎಣಿಸುವುದರಲ್ಲೇ ಇಷ್ಟು ಶ್ರಮಪಟ್ಟ ನಾವು ಆ ವರ್ಷದೊಳಗಿನ ಹಂಗಾಮನ್ನು ಎಣಿಸಲಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳು ಯುಜಿಸಿಯ ಆ ಎರಡನೆಯ, ನಿಧಾನದ ದಾರಿಯನ್ನು ಮೊದಲು ತೆರೆಯಲಿ. ಸೊಪ್ಪಿನ ಸೆಮಿಸ್ಟರಿನಲ್ಲಿ ಎರಡು ವಿಷಯ ಬಿಟ್ಟು, ಮುಂದೆ ಬರೆಯುವ ಅವಕಾಶ ಸಿಗಲಿ. ಹಾಗೆ ಹೆಚ್ಚಾದ ಸೆಮಿಸ್ಟರಿಗೂ ವಿದ್ಯಾರ್ಥಿವೇತನ, ಹಾಸ್ಟೆಲ್ ಊಟ ಇರಲಿ. ಇಲ್ಲದಿದ್ದರೆ ಆ ಕಾಲದ ಖರ್ಚು ಮತ್ತೆ ಅದೇ ಬ್ಯಾರನ್ ಮನೆಯ ಮೇಲೆ ಬೀಳುತ್ತದೆ. ಈ ಸೌಲಭ್ಯಕ್ಕೆ ಅರ್ಜಿ ಯಾರಿಗೆ ಕೊಡಬೇಕೆಂಬುದನ್ನು ಪ್ರಿನ್ಸಿಪಾಲರು ದಾಖಲಾತಿಯ ದಿನವೇ, ಮಗನ ಜೊತೆ ಬಂದ ಅಪ್ಪನ ಎದುರಿಗೇ ಹೇಳಲಿ.