ಒಲೆಯೂ ಕಕ್ಕಸೂ ಬೆಲೆಯ ಪ್ರಶ್ನೆಯೇ



ಬೆಳೆಗೆ ಬೆಲೆ ಕೇಳುವ ಪತ್ರಿಕೆ ಕಕ್ಕಸಿನ ಸುದ್ದಿ ಯಾಕೆ ತೆಗೀತು ಅಂತ ಮೂಗು ಮುರಿಯಬೇಡಿ. ನಮ್ಮ ಹೆಂಗಸರು ಹೊರಗೆ ಹೋಗಲು ಕತ್ತಲಾಗಲೆಂದು ಕಾಯುವುದಕ್ಕೂ, ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುವುದಕ್ಕೂ, ಮಂಡಿಯಲ್ಲಿ ನಿಮಗೆ ಸಿಗುವ ದರಕ್ಕೂ ನೇರ ಸಂಬಂಧವಿದೆ.

ಸರ್ಕಾರದ್ದೇ ಲೆಕ್ಕ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗ್ಯಾಸಿನಂಥ ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ಪಟ್ಟಣದಲ್ಲಿ ನೂರಕ್ಕೆ 90, ಹಳ್ಳಿಯಲ್ಲಿ ಬರೀ 43. ಕಕ್ಕಸೇ ಇಲ್ಲದ ಮನೆಗಳು ಪಟ್ಟಣದಲ್ಲಿ 6, ಹಳ್ಳಿಯಲ್ಲಿ 26. ಹಳ್ಳಿಗಳೆಲ್ಲ ಬಯಲುಶೌಚದಿಂದ ಮುಕ್ತವಾದವು ಎಂದು ದೆಹಲಿ ಸಾರಿದ್ದು 2019ರ ಅಕ್ಟೋಬರ್ 2ರಂದು!

ಕರ್ನಾಟಕದಲ್ಲಿ ಶುದ್ಧ ಇಂಧನ ನೂರಕ್ಕೆ 80 ಮನೆಗೆ, ಬಿಹಾರದಲ್ಲಿ 38, ಜಾರ್ಖಂಡ್‌ನಲ್ಲಿ 32. ನಾವು ಮುಂದಿದ್ದೇವೆ ಅಂತ ಬೀಗಬೇಡಿ. ಸರಾಸರಿ ಎಂಬುದು ಬೆಂಗಳೂರನ್ನೂ ಯಾದಗಿರಿಯನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ.

2016ರಲ್ಲಿ ಉಜ್ವಲಾ ಯೋಜನೆ ಬಂತು, ಬಡವರ ಮನೆಗೂ ಸಿಲಿಂಡರ್ ಬಂತು. ಒಳ್ಳೆಯದೇ. ಆದರೆ ಒಮ್ಮೆ ಕೊಡುವುದು ಬೇರೆ, ಖಾಲಿಯಾದಾಗ ತುಂಬಿಸುವುದು ಬೇರೆ. 2023ರ ಮಾರ್ಚ್‌ನಲ್ಲಿ ದೆಹಲಿಯಲ್ಲೇ ಸಿಲಿಂಡರಿನ ದರ 1,103 ರೂಪಾಯಿ. ಆ ಸಾಲಿನ ಹೈಬ್ರಿಡ್ ಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,970. ಅಂದರೆ ಒಂದು ಸಿಲಿಂಡರಿಗೆ 37 ಕಿಲೋ ಜೋಳ! ಉಜ್ವಲಾದವರಿಗೆ ಸಿಗುತ್ತಿದ್ದ 200 ರೂಪಾಯಿ ಸಹಾಯಧನ ಕಳೆದರೂ 30 ಕಿಲೋ. ಬೆಂಬಲ ಬೆಲೆಯೂ ಸಿಗದೆ ಮಾರಿದವನು ಇನ್ನೂ ಹೆಚ್ಚು ಅಳೆಯಬೇಕು. ಹೀಗಾದರೆ ಸಿಲಿಂಡರ್ ಮೂಲೆ ಸೇರದೆ, ಸೌದೆ ಒಲೆ ಹತ್ತದೆ ಇರುತ್ತದೆಯೇ?

ಕಕ್ಕಸಿನ ಕತೆಯೂ ಇದೇ. ಸ್ವಚ್ಛ ಭಾರತದಲ್ಲಿ ಗೊತ್ತುಮಾಡಿದ್ದು 12,000 ರೂಪಾಯಿ. ಮೊದಲು ಕಟ್ಟು, ಆಮೇಲೆ ದುಡ್ಡು ಅಂದರೆ ಕೈಯಲ್ಲಿ ಕಾಸಿದ್ದವನು ಕಟ್ಟಿಸುತ್ತಾನೆ. ಇಲ್ಲದವನು ಬಡ್ಡಿಗೆ ತರಬೇಕು, ಇಲ್ಲವೇ ಸುಮ್ಮನಿರಬೇಕು. ಕುಡಿಯುವ ನೀರನ್ನೇ ಹೊತ್ತು ತರುವ ಮನೆಯಲ್ಲಿ ಕಟ್ಟಿದ ಕಕ್ಕಸೂ ಕಟ್ಟಿಗೆ ಇಡುವ ಕೋಣೆಯಾಗುತ್ತದೆ.

ಇಲ್ಲಿ ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತೊಂದಿದೆ. ಹೊಲವಿರುವ ನಿಮ್ಮ ಮನೆಯಲ್ಲಿ ಗ್ಯಾಸು, ಕಕ್ಕಸು ಎರಡೂ ಇರಬಹುದು. ನಿಮ್ಮ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಗುಂಡಿ ತೋಡಲು ಅವಳಿಗೆ ಹತ್ತಡಿ ಜಾಗವಿಲ್ಲ. ನಿಮ್ಮ ಬದುವಿಗೆ ಬಂದರೆ ಬೈದು ಅಟ್ಟುವವರೂ ನಮ್ಮವರೇ. ಪಟ್ಟಣ ನಮಗೆ ಮಾಡುವ ಅನ್ಯಾಯವನ್ನು ನಾವು ಕೇರಿಗೆ ಮಾಡಿದರೆ ಹೆಗಲ ಮೇಲಿನ ಹಸಿರು ಶಾಲಿಗೆ ಅರ್ಥವೇನು?

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಬೆಲೆ ಕೇಳುವ ಬಾಯಲ್ಲೇ ಇದನ್ನೂ ಕೇಳಿ: ಕೇರಿಯ ಪ್ರತಿ ಮನೆಗೂ ಜಾಗ, ನೀರು, ಕಟ್ಟುವ ಮುಂಚೆ ಹಣ. ಬೆಳೆದವನಿಗೆ ನ್ಯಾಯದ ಬೆಲೆ, ದುಡಿದವಳಿಗೆ ನ್ಯಾಯದ ಕೂಲಿ ಸಿಕ್ಕರೆ ಹಳ್ಳಿ ಯಾರ ದಾನಕ್ಕೂ ಕೈಯೊಡ್ಡಬೇಕಾಗಿಲ್ಲ.