ಗಣಕಯಂತ್ರದ ಪಾರುಪತ್ಯ

ಕೊಡಗಿನಲ್ಲಿ ಹಿಂದೆ ನಾಡಿಗೊಬ್ಬ ಪಾರುಪತ್ಯಗಾರನಿರುತ್ತಿದ್ದನು. ಕಂದಾಯದ ಲೆಕ್ಕವೂ ಸರಕಾರದ ಆಜ್ಞೆಯೂ ರೈತನ ದೂರೂ ಅವನ ಕೈಯಿಂದಲೇ ಹಾದುಹೋಗಬೇಕಾಗಿದ್ದಿತು. ಆ ಹೆಸರಿನ ಅಧಿಕಾರಿ ಈಗಿಲ್ಲ. ಆದರೆ ಸಿದ್ದಾಪುರದಂತಹ ಊರಿನಲ್ಲಿಯೂ, ಕಾಫಿತೋಟದ ಕಚೇರಿ, ಬ್ಯಾಂಕು, ಆಸ್ಪತ್ರೆ ಮೊದಲಾದ ಕಡೆಗಳಲ್ಲಿ, ಹೊಸ ಬಗೆಯ ಪಾರುಪತ್ಯಗಾರನೊಬ್ಬನ ಅವಶ್ಯಕತೆ ಉಂಟಾಗಿದೆ. ಕಂಪ್ಯೂಟರುಗಳನ್ನೂ ಅವುಗಳೊಳಗೆ ಕೆಲಸ ನಡೆಸುವ ತಂತ್ರಾಂಶಗಳನ್ನೂ ಸುಸ್ಥಿತಿಯಲ್ಲಿಡುವುದೇ ಇವನ ಕೆಲಸ. ಎಲ್ಲವೂ ನೆಟ್ಟಗಿರುವಾಗ ಇವನು ಯಾರೆಂದು ಕೇಳುವವರಿಲ್ಲ. ಯಂತ್ರವು ಒಂದು ಗಳಿಗೆ ನಿಂತಿತೆಂದರೆ ಊರೆಲ್ಲ ಇವನನ್ನೇ ಹುಡುಕುವುದು.

ಇದು ಕಚೇರಿಯ ಮಾತು, ಗೃಹಸ್ಥರಾದ ನಮಗೇಕೆ ಎಂದು ವಾಚಕರು ಕೇಳಬಹುದು. ತೋಟದ ಆಳುಗಳ ಹಾಜರಿ, ಮಜೂರಿ, ಭವಿಷ್ಯನಿಧಿಯ ವಂತಿಗೆ, ಪಹಣಿ, ಪಡಿತರ ಇವೆಲ್ಲವೂ ಇಂದು ಗಣಕಯಂತ್ರದ ಮೂಲಕವೇ ನಡೆಯತಕ್ಕವುಗಳಾಗಿವೆ. ಬಟವಾಡೆಯ ದಿನ ಮಜೂರಿಯ ಪಟ್ಟಿಯು ಬ್ಯಾಂಕನ್ನು ಮುಟ್ಟದೆ ಹೋದರೆ, ಸಂತೆಯಿಂದ ಅಕ್ಕಿ ತರಬೇಕೆಂದಿದ್ದವಳು ಬರಿಗೈಯಲ್ಲಿ ಮನೆಗೆ ಹಿಂದಿರುಗಬೇಕಾಗುವುದು. ಆದಕಾರಣ ಇದು ಯಂತ್ರದ ಮಾತಲ್ಲ, ಒಲೆಯ ಮಾತು.

ಯಂತ್ರದ ದೋಷವನ್ನು ಹುಡುಕುವುದಕ್ಕೆ ಒಂದು ಕ್ರಮವುಂಟು. ಒಳ್ಳೆಯ ವೈದ್ಯನು ನಾಡಿಯನ್ನು ಹಿಡಿಯದೆ ಔಷಧವನ್ನು ಕೊಡುವುದಿಲ್ಲವಷ್ಟೆ. ಹಾಗೆಯೇ ಇವನು ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ತೊಂದರೆಯು ಒಬ್ಬರಿಗೋ ಎಲ್ಲರಿಗೋ? ಎಂದಿನಿಂದ? ಅದಕ್ಕೆ ಮುಂಚೆ ಏನಾದರೂ ಬದಲಾವಣೆ ನಡೆದಿದೆಯೋ? ಒಂದೇ ಯಂತ್ರಕ್ಕೆ ತೊಂದರೆಯಾದರೆ ಕಾರಣವು ಬಹುಶಃ ಆ ಮೇಜಿನ ಬಳಿಯಲ್ಲೇ ಇರುವುದು. ಎಲ್ಲಕ್ಕೂ ಆಗಿದ್ದರೆ ವಿದ್ಯುತ್ತು, ತಂತಿ ಅಥವಾ ದೂರದ ಕೇಂದ್ರದ ಕಡೆಗೆ ನೋಡಬೇಕು. ಮುಂಗಾರಿನಲ್ಲಿ ಗಾಳಿಗೆ ಮರ ಬಿದ್ದು ತಂತಿ ಹರಿಯುವುದು ಸಿದ್ದಾಪುರದ ಸುತ್ತ ಹೊಸ ಸಂಗತಿಯೇನಲ್ಲ.

ದೋಷವು ಯಾವಾಗಲೂ ನಮ್ಮ ಅಂಗಳದಲ್ಲಿಯೇ ಇರುವುದಿಲ್ಲವೆಂಬುದಕ್ಕೆ ನಮ್ಮ ಹೊಳೆಯ ಹೆಸರನ್ನೇ ಹೊತ್ತ ತಂತ್ರಾಂಶವು ನಿದರ್ಶನ. ರಾಜ್ಯದ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಬಳಕೆಯಲ್ಲಿರುವ 'ಕಾವೇರಿ ೨.೦' ಎಂಬುದರ ಮೇಲೆ ೨೦೨೫ರ ಜನವರಿಯಲ್ಲಿ ಸುಳ್ಳು ಕೋರಿಕೆಗಳ ಪ್ರವಾಹವನ್ನೇ ಹರಿಯಿಸಿದರು. ಅಂಗಡಿಯ ಬಾಗಿಲಿನಲ್ಲಿ ಕೊಳ್ಳದವರೇ ಕಿಕ್ಕಿರಿದು ನಿಂತರೆ ಕೊಳ್ಳುವವನು ಒಳಹೋಗಲಾರನಷ್ಟೆ? ಹಾಗೆ ನಿಜವಾದ ಕಕ್ಷಿಗಾರರ ಕೆಲಸವು ಕುಂಠಿತವಾಯಿತು. ಅಂಥ ಸಮಯದಲ್ಲಿ ಊರಿನ ಕಚೇರಿಯ ಯಂತ್ರವನ್ನು ಬಿಚ್ಚಿ ಜೋಡಿಸಿ ಫಲವಿಲ್ಲ. ಬಂದವರಿಗೆ ಸಂಗತಿಯನ್ನು ಸರಳವಾಗಿ ತಿಳಿಸಿ ಕಳುಹಿಸುವುದೇ ಆಗ ಮಾಡತಕ್ಕ ಕೆಲಸ.

ಕಾರಣವು ಗೋಚರವಾದ ಮೇಲೆಯೂ ಆತುರವು ಸಲ್ಲದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ಬದಲಾಯಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದವನಿಗೆ ಯಾವುದರಿಂದ ಗುಣವಾಯಿತೆಂದೇ ತಿಳಿಯದು. ಹೊಸ ತಿದ್ದುಪಡಿ ಬಂದಾಗಲೂ ಅದನ್ನು ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಿ, ಅನಂತರ ಉಳಿದವುಗಳಿಗೆ ಹಾಕುವುದು ಲೇಸು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ಸಂಸ್ಥೆಯು ಕಳುಹಿಸಿದ ದೋಷಯುಕ್ತ ತಿದ್ದುಪಡಿಯೊಂದರಿಂದ ಜಗತ್ತಿನಲ್ಲಿ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಏಕಕಾಲಕ್ಕೆ ಕೆಟ್ಟು ನಿಂತವು. ನಮ್ಮ ದೇಶದ ಕೆಲವು ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಆ ಯಂತ್ರಗಳಲ್ಲಿ ಎಷ್ಟೋ ಲಕ್ಷವನ್ನು ಒಂದೊಂದಾಗಿ, ಮನುಷ್ಯರು ಎದುರಿಗೆ ಕುಳಿತೇ ಸರಿಪಡಿಸಿದರು. ಕಾವಲುಗಾರನೇ ಬಾಗಿಲಿಗೆ ಅಡ್ಡಬಿದ್ದರೆ ಒಡೆಯನೂ ಒಳಹೋಗಲಾರನು.

ಇನ್ನೊಂದು ತೊಡಕು ಮೇಲ್ನೋಟಕ್ಕೆ ಅಲ್ಪವಾದರೂ ಬಡವರನ್ನು ಬಹಳವಾಗಿ ಕಾಡತಕ್ಕದ್ದು. ಇಲ್ಲಿನ ತೋಟಗಳಲ್ಲಿ ಯರವರು, ತಮಿಳರು, ಮಲಯಾಳಿಗಳು, ಈಚೆಗೆ ಅಸ್ಸಾಮಿನಿಂದ ಬಂದವರು, ಹೀಗೆ ನಾನಾ ನುಡಿಯ ಜನರು ದುಡಿಯುತ್ತಾರೆ. ಒಬ್ಬಳ ಹೆಸರು ಆಧಾರ್ ಚೀಟಿಯಲ್ಲಿ ಒಂದು ವಿಧ, ಬ್ಯಾಂಕಿನಲ್ಲಿ ಇನ್ನೊಂದು ವಿಧ, ತೋಟದ ಪಟ್ಟಿಯಲ್ಲಿ ಮತ್ತೊಂದು ವಿಧವಾಗಿ ಬರೆಯಲ್ಪಟ್ಟಿದ್ದರೆ ಮನುಷ್ಯನಿಗೆ ಅದು ಒಂದೇ ಹೆಸರು. ಯಂತ್ರಕ್ಕೆ ಮೂವರು ಹೆಂಗಸರು. ವರುಷಗಟ್ಟಲೆ ಕೂಡಿಟ್ಟ ಭವಿಷ್ಯನಿಧಿಯ ಹಣವು ಒಂದಕ್ಷರದ ದೆಸೆಯಿಂದ ಕೈಗೆ ಸಿಕ್ಕದೆ ನಿಲ್ಲಬಹುದು. ಇದನ್ನು ಹಣ ಬೇಕಾದ ದಿನ ಸರಿಪಡಿಸುವೆನೆನ್ನುವುದು ತರವಲ್ಲ. ಕೆಲಸಕ್ಕೆ ಸೇರಿದ ದಿನವೇ ದಾಖಲೆಯನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕಕ್ಷರ ತಾಳೆನೋಡಬೇಕು.

ಕನ್ನಡದ ಕಡತಗಳಿಗೆ ಬೇರೊಂದು ತೊಡಕುಂಟು. ಹಳೆಯ 'ನುಡಿ' ಅಕ್ಷರಗಳಲ್ಲಿ ಬರೆದ ಪತ್ರವು, ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದಾಗ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತದೆ. ಕಡತವು ಕೆಟ್ಟಿತೆಂದು ಗಾಬರಿಪಟ್ಟು ಅದನ್ನು ಅಳಿಸಬಾರದು. ಹಳೆಯ ಪದ್ಧತಿಯಲ್ಲಿ ಕನ್ನಡದ ರೂಪಗಳನ್ನು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸುತ್ತಿದ್ದರು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಅದರದೇ ಸಂಕೇತಗಳು ದೊರೆತವು. ಹಳೆಯದನ್ನು ಹೊಸದಕ್ಕೆ ಮಾರ್ಪಡಿಸುವ ಸಾಧನಗಳಿವೆ. ಮಾರ್ಪಡಿಸಿದ ಬಳಿಕ ಒತ್ತಕ್ಷರಗಳನ್ನೂ ಹೆಸರುಗಳನ್ನೂ ಕಣ್ಣಿಟ್ಟು ಓದಿದರೆ ಸಾಕು.

ಎಲ್ಲಕ್ಕಿಂತಲೂ ಮುಖ್ಯವಾದುದು ಪ್ರತಿಗಳ ರಕ್ಷಣೆ. ೨೦೧೯ರ ಆಗಸ್ಟಿನಲ್ಲಿ ಕಾವೇರಿಯು ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳಲ್ಲಿ ಮನೆಗಳೊಳಕ್ಕೆ ನುಗ್ಗಿದುದನ್ನು ಈ ಪ್ರಾಂತದವರು ಮರೆಯಲಾರರು. ಮೂಲ ಲೆಕ್ಕವೂ ಅದರ ಪ್ರತಿಯೂ ಒಂದೇ ಬೀರುವಿನಲ್ಲಿದ್ದರೆ ಒಂದೇ ನೀರು ಎರಡನ್ನೂ ಒಯ್ಯುವುದು. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ದೂರದ ಸ್ಥಳದಲ್ಲಿರಲಿ ಎಂಬುದು ಈ ಕಸುಬಿನವರ ನಿಯಮ. ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ಪ್ರತಿಯಿಂದ ಲೆಕ್ಕವನ್ನು ತಿರುಗಿ ಪಡೆಯಲು ಬರುವುದೋ ಎಂದು ತಿಂಗಳಿಗೊಮ್ಮೆ ಪರೀಕ್ಷಿಸತಕ್ಕದ್ದು. ತೆರೆದು ನೋಡದ ಪ್ರತಿ ಮುಚ್ಚಳ ತೆಗೆಯದ ಉಪ್ಪಿನಕಾಯಿಯ ಜಾಡಿಯಂತೆ; ಒಳಗೆ ಬೂಸಲು ಹಿಡಿದಿದ್ದರೂ ಬೇಕಾದ ದಿನದವರೆಗೆ ತಿಳಿಯದು.

ಮನೆಯವರೂ ಇದರಿಂದ ಕಲಿಯಬೇಕಾದುದುಂಟು. ಮೊಬೈಲಿನಲ್ಲಿರುವ ಮಕ್ಕಳ ಚಿತ್ರಗಳಿಗೂ ಆಸ್ತಿಯ ಪತ್ರಗಳಿಗೂ ಬೇರೆಡೆ ಪ್ರತಿಯಿರಲಿ. ಗುಪ್ತಪದವನ್ನೂ ಫೋನಿಗೆ ಬರುವ ಒಟಿಪಿ ಸಂಖ್ಯೆಯನ್ನೂ ಎಂಥ ನಯವಾದ ಮಾತಿಗೂ ಮರುಳಾಗಿ ಹೇಳಬಾರದು. ಮನೆಯ ಎಲ್ಲರ ಹೆಸರುಗಳೂ ಎಲ್ಲ ಚೀಟಿಗಳಲ್ಲಿ ಒಂದೇ ರೀತಿಯಾಗಿವೆಯೋ ಎಂದು ಈ ವಾರವೇ ಬಿಡುವು ಮಾಡಿಕೊಂಡು ನೋಡುವುದು ಒಳ್ಳೆಯದು.

ಯಂತ್ರಕ್ಕೆ ದಯೆಯೂ ಇಲ್ಲ, ದ್ವೇಷವೂ ಇಲ್ಲ. ಬರೆದುದನ್ನು ಮಾತ್ರ ಅದು ಬಲ್ಲದು. ಬರೆದುದರ ಹಿಂದೆ ಒಬ್ಬ ಮನುಷ್ಯನಿದ್ದಾನೆಂಬುದನ್ನು ನೆನಪಿಡಬೇಕಾದವನು ಪಾರುಪತ್ಯಗಾರನೇ. ಅವನು ಜಾಗರೂಕನಾಗಿರುವ ಕಚೇರಿಯಲ್ಲಿ ಕಾಫಿ ಕುಯ್ದ ಕೈಗೆ ಸಲ್ಲಬೇಕಾದ ಹಣವು ಸಲ್ಲಬೇಕಾದ ದಿನವೇ ಸಲ್ಲುವುದು.